ಗೆರೆ ಇದೆ, ನಾಡಿ ಇಲ್ಲ: ತಾತ್ಕಾಲಿಕ ಪೇಸ್‌ಮೇಕರ್ ಕೈಕೊಟ್ಟಾಗ ಹುಡುಕುವ ಬಗೆ

ಏಪ್ರಿಲ್ ತಿಂಗಳ ಒಂದು ರಾತ್ರಿ, ಎರಡೂವರೆ ದಾಟಿತ್ತು. ಮೂರನೆಯ ಹಾಸಿಗೆಯ ಮಾನಿಟರ್‌ನಲ್ಲಿ ಹಸಿರು ಅಂಕಿ 70 ಅಲುಗಾಡದೆ ನಿಂತಿತ್ತು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಮುತ್ಯಾ, ವಯಸ್ಸು ಎಪ್ಪತ್ತರ ಹತ್ತಿರ, ಸಂಜೆಯಷ್ಟೇ ಟಿಪಿಐ, ಎಂದರೆ ಹೃದಯವನ್ನು ವಿದ್ಯುತ್ತಿನಿಂದ ತಟ್ಟಿ ಬಡಿಸುವ ತಾತ್ಕಾಲಿಕ ಪೇಸ್‌ಮೇಕರ್ ಹಾಕುವುದು, ಆಗಿತ್ತು. ಹೊರಗೆ ಬೆಂಚಿನ ಮೇಲೆ ಮಲಗಿದ್ದ ಮೊಮ್ಮಗ ಒಮ್ಮೆ ನೋಡಿಕೊಂಡು ಹೋಗಲು ಒಳಗೆ ಬಂದವನು, "ಸಿಸ್ಟರ್, ಮುತ್ಯಾ ಕರೆದರೆ ಓಗೊಡುತ್ತಿಲ್ಲ, ಕೈ ತಣ್ಣಗಾಗಿದೆ" ಎಂದ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿ ಮಾನಿಟರ್ ಕಡೆ ತಿರುಗಿ, "ರೇಟ್ ಎಪ್ಪತ್ತು ಇದೆಯಲ್ಲ ಅಕ್ಕಾ" ಎಂದಳು. ನಾನು ಮುಂಗೈ ಹಿಡಿದು, ಗೋಡೆ ಗಡಿಯಾರ ನೋಡುತ್ತ ಎಣಿಸಿದೆ. ಹದಿನೈದು ಸೆಕೆಂಡಿಗೆ ಎಂಟು. ಎಂದರೆ ನಿಮಿಷಕ್ಕೆ 32.

ಮಾನಿಟರ್ ಸುಳ್ಳು ಹೇಳಿರಲಿಲ್ಲ. ಅದು ಎಣಿಸುತ್ತಿದ್ದದ್ದು ಪೇಸ್‌ಮೇಕರ್ ಪೆಟ್ಟಿಗೆ ಹೊಡೆಯುವ ಸ್ಪೈಕ್‌ಗಳನ್ನು, ಪರದೆಯ ಮೇಲೆ ನೆಟ್ಟಗೆ ನಿಲ್ಲುವ ಆ ಸೂಜಿಯಂಥ ಗೆರೆಗಳನ್ನು. ಪೆಟ್ಟಿಗೆ ನಿಮಿಷಕ್ಕೆ 70 ಬಾರಿ ತಟ್ಟುತ್ತಿತ್ತು, ಹೃದಯ ಓಗೊಡುತ್ತಿರಲಿಲ್ಲ. ಮಾನಿಟರ್‌ನ ಮೆನುವಿನಲ್ಲಿ ರೋಗಿಗೆ ಪೇಸ್‌ಮೇಕರ್ ಇದೆ ಎಂದು ತಿಳಿಸುವ ಆಯ್ಕೆಯೊಂದಿರುತ್ತದೆ. ಅದನ್ನು ಹಾಕಿದ್ದರೆ ಯಂತ್ರ ಸ್ಪೈಕ್‌ಗಳನ್ನು ಬದಿಗಿಟ್ಟು ಹೃದಯದ ಬಡಿತವನ್ನಷ್ಟೇ ಲೆಕ್ಕ ಹಿಡಿಯಲು ನೋಡುತ್ತದೆ. ಅಂದು ಯಾರೂ ಹಾಕಿರಲಿಲ್ಲ. ಹಾಕಿದ್ದರೂ ಪೂರ್ತಿ ನಂಬುವ ಹಾಗಿಲ್ಲ, ಸ್ಪೈಕ್‌ನ ಬಾಲವನ್ನೇ ಬಡಿತವೆಂದು ತಿಳಿಯುವ ಮಾನಿಟರ್‌ಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ದೋಷ ಹುಡುಕುವ ಕೆಲಸ ಎಂದಿಗೂ ರೋಗಿಯ ಮುಂಗೈಯಿಂದ ಶುರುವಾಗಬೇಕು, ಇಲ್ಲವೇ ತೊಡೆಸಂದಿನಿಂದ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್‌ನ ಅಲೆ ಮತ್ತು ಧಮನಿಯೊಳಗಿನ ರಕ್ತದೊತ್ತಡದ ಅಲೆ, ಇವೆರಡೂ ನಾಡಿಯ ಪರವಾಗಿ ಸಾಕ್ಷಿ ಹೇಳುತ್ತವೆ. ಇಸಿಜಿಯ ಅಂಕಿ ಹೇಳುವುದಿಲ್ಲ.

ಇದನ್ನು ಬರೆಯುತ್ತಿರುವುದು ಐಸಿಯುನಲ್ಲಿ ರಾತ್ರಿ ಪಾಳಿ ಮಾಡುವ ಶುಶ್ರೂಷಕಿಯರಿಗೆ ಮತ್ತು ಡ್ಯೂಟಿ ಡಾಕ್ಟರರಿಗೆ. ವಿಜಯಪುರದಲ್ಲಿ ನಮ್ಮ ಬಳಿಗೆ ಬರುವವರಲ್ಲಿ ಅರ್ಧದಷ್ಟು ಜನ ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ, ಇಂಡಿ ಕಡೆಯವರು. ಆಂಬುಲೆನ್ಸ್‌ನಲ್ಲಿ ಒಂದೆರಡು ಗಂಟೆ ಪಯಣ ಮಾಡಿ ಬಂದಿರುತ್ತಾರೆ. ತಂತಿ ಜರುಗಲು ಅಷ್ಟು ಸಾಕು.

ಪೆಟ್ಟಿಗೆ ಮತ್ತು ಅದರ ಮೂರು ಗುಂಡಿಗಳು

ಕುತ್ತಿಗೆಯ ಬಲಬದಿಯ ಅಭಿಧಮನಿಯಿಂದಲೋ ತೊಡೆಸಂದಿನಿಂದಲೋ ಒಂದು ತೆಳು ತಂತಿ ಒಳಗಿಳಿದು ಬಲ ಹೃತ್ಕುಕ್ಷಿಯ ತಳಕ್ಕೆ ತಾಗಿ ಕುಳಿತಿರುತ್ತದೆ. ಅದಕ್ಕೆ ಲೀಡ್ ಎನ್ನುತ್ತೇವೆ. ತುದಿಯಲ್ಲಿ ಎರಡು ಲೋಹದ ಬಿಂದುಗಳು. ತೀರ ತುದಿಯದು ಋಣ, ಅದರ ಹಿಂದಿನದು ಧನ. ಹೊರಬದಿಯಲ್ಲಿ ಎರಡು ಪಿನ್‌ಗಳು ಕೇಬಲ್‌ಗೆ ಸೇರಿ, ಕೇಬಲ್ ಪೆಟ್ಟಿಗೆಗೆ ಸೇರುತ್ತದೆ.

ಪೆಟ್ಟಿಗೆಯ ಗುಂಡಿಗಳಲ್ಲಿ ರೇಟ್ ಎಲ್ಲರಿಗೂ ಅರ್ಥವಾಗುತ್ತದೆ. ಔಟ್‌ಪುಟ್ ಮಿಲಿಆಂಪಿಯರ್‌ನಲ್ಲಿರುತ್ತದೆ, ಎಷ್ಟು ಜೋರಾಗಿ ತಟ್ಟಬೇಕು ಎಂಬುದು ಅದು. ಗೊಂದಲ ಹುಟ್ಟಿಸುವುದು ಮೂರನೆಯದು, ಮಿಲಿವೋಲ್ಟ್‌ನಲ್ಲಿರುವ ಸೆನ್ಸಿಟಿವಿಟಿ. ಅದರ ಅಂಕಿ ಹೆಚ್ಚಿಸಿದರೆ ಪೆಟ್ಟಿಗೆಯ ಕಿವಿ ಮಂದವಾಗುತ್ತದೆ, ಇಳಿಸಿದರೆ ಚುರುಕಾಗುತ್ತದೆ. ಹೊಸಬರಿಗೆ ನಾನು ಜೋಳದ ಹೊಲದ ಲೆಕ್ಕ ಹೇಳುತ್ತೇನೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ಬಿಳಿಜೋಳ ಆಳೆತ್ತರ ನಿಂತಿರುತ್ತದೆ, ಹೊಲದ ಆಚೆ ಎತ್ತಿನ ಗಾಡಿ ಹೋದರೂ ಕಾಣುವುದಿಲ್ಲ. ಕಟಾವು ಮುಗಿದ ಮೇಲೆ ಅದೇ ಬದುವಿನ ಮೇಲೆ ನಿಂತರೆ ನಾಯಿ ಓಡಿದರೂ ಕಣ್ಣಿಗೆ ಬೀಳುತ್ತದೆ. ಮಿಲಿವೋಲ್ಟ್ ಅಂಕಿ ಎಂದರೆ ಪೈರಿನ ಎತ್ತರ. ಇದನ್ನು ಒಮ್ಮೆ ಕೇಳಿದವರು ಗುಂಡಿಯನ್ನು ತಿರುವುಮುರುವಾಗಿ ತಿರುಗಿಸಿದ್ದನ್ನು ನಾನು ನೋಡಿಲ್ಲ.

ಸ್ಪೈಕ್ ಇದೆ, ಅದರ ಹಿಂದೆ ಬಡಿತವಿಲ್ಲ

ಪೆಟ್ಟಿಗೆಯ ತಟ್ಟಿಗೆ ಹೃದಯ ಬಡಿದು ಓಗೊಡುವುದಕ್ಕೆ ಕ್ಯಾಪ್ಚರ್ ಎನ್ನುತ್ತೇವೆ. ಇದು ಕ್ಯಾಪ್ಚರ್ ತಪ್ಪುವುದು. ಎಲ್ಲಕ್ಕಿಂತ ಹೆಚ್ಚು ಕಾಣುವುದೂ ಇದೇ, ಕೊಲ್ಲುವುದೂ ಇದೇ. ಪರದೆಯಲ್ಲಿ ಪ್ರತಿ ಸ್ಪೈಕ್‌ನ ಬೆನ್ನಿಗೇ ಅಗಲವಾದ ಒಂದು ಕ್ಯೂಆರ್‌ಎಸ್ (ಹೃತ್ಕುಕ್ಷಿ ಬಡಿದ ಗುರುತು), ಅದರ ಹಿಂದೆ ಟಿ ಅಲೆ (ಬಡಿದ ಮೇಲೆ ಅದು ಚೇತರಿಸಿಕೊಳ್ಳುವ ಗುರುತು) ಬರಬೇಕು. ಸ್ಪೈಕ್ ಮಾತ್ರ ಒಂಟಿಯಾಗಿ ನಿಂತಿದ್ದರೆ ತಟ್ಟಿದ್ದು ತಲುಪಿಲ್ಲ.

ಮೊದಲ ಕೆಲಸ ಔಟ್‌ಪುಟ್ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸುವುದು. ಕಾರಣ ಆಮೇಲೆ ಹುಡುಕಬಹುದು. ಕೆಲವರು ಹೆದರುತ್ತ ಒಂದೊಂದೇ ಮಿಲಿಆಂಪಿಯರ್ ಏರಿಸುತ್ತಾರೆ. ಆ ಹೊತ್ತಿನಲ್ಲಿ ಮಿದುಳಿಗೆ ರಕ್ತವಿಲ್ಲ. ಇನ್ನೊಬ್ಬರು ಅಷ್ಟರಲ್ಲಿ ಚರ್ಮದ ಮೇಲಿಂದಲೇ ಹೃದಯವನ್ನು ತಟ್ಟುವ ಪ್ಯಾಡ್‌ಗಳನ್ನು ಎದೆಗೆ ಮತ್ತು ಬೆನ್ನಿಗೆ ಅಂಟಿಸುತ್ತಿರಬೇಕು. ನಾಡಿ ಪೂರ್ತಿ ನಿಂತಿದ್ದರೆ ಗುಂಡಿಯ ಯೋಚನೆ ಬಿಟ್ಟು ಎದೆ ಒತ್ತಲು ಶುರುಮಾಡಿ.

ಎರಡನೆಯದು ಕೈಯಿಂದ ಮುಟ್ಟಿ ನೋಡುವುದು. ಪೆಟ್ಟಿಗೆಯಿಂದ ರೋಗಿಯ ಚರ್ಮದವರೆಗೆ ಪ್ರತಿಯೊಂದು ಜೋಡಣೆಯನ್ನೂ ಬೆರಳಿನಿಂದ ಹಿಡಿದು ನೋಡಿ. ಕಣ್ಣಿಗೆ ಸರಿ ಎನಿಸಿದ್ದು ಬೆರಳಿಗೆ ಸರಿ ಇರುವುದಿಲ್ಲ. ಒಮ್ಮೆ ನಾಲ್ಕನೆಯ ಹಾಸಿಗೆಯಲ್ಲಿ ರೋಗಿ ಕೆಮ್ಮಿದಾಗಲೆಲ್ಲ ಎರಡು ಬಡಿತ ತಪ್ಪುತ್ತಿತ್ತು. ಎಕ್ಸ್‌ರೇ ಆಯಿತು, ತಂತಿ ಕುಳಿತಲ್ಲೇ ಇತ್ತು. ಕೇಬಲ್‌ನ ಜೋಡಣೆಯ ಮೇಲೆ ಯಾರೋ ಅಚ್ಚುಕಟ್ಟಾಗಿ ಮೂರು ಸುತ್ತು ಬಿಳಿ ಪ್ಲಾಸ್ಟರ್ ಸುತ್ತಿದ್ದರು. ಅದನ್ನು ಕತ್ತರಿಸಿ ತೆಗೆದೆ. ಒಳಗೆ ಕಪ್ಪು ತಲೆಯ ತಿರುಪು ಅರ್ಧ ಸುತ್ತು ಸಡಿಲಾಗಿತ್ತು, ಪಿನ್ ಕೂದಲೆಳೆಯಷ್ಟು ಹೊರಗೆ ಬಂದಿತ್ತು, ಅಷ್ಟೇ. ಪ್ಲಾಸ್ಟರ್ ಸುತ್ತಿದವರ ಉದ್ದೇಶ ಒಳ್ಳೆಯದೇ. ಆದರೆ ಅದು ಜೋಡಣೆಯನ್ನು ಬಿಗಿ ಮಾಡುವುದಿಲ್ಲ, ಸಡಿಲಾದದ್ದನ್ನು ಮುಚ್ಚಿಡುತ್ತದೆ. ಅಂದಿನಿಂದ ನಮ್ಮಲ್ಲಿ ಜೋಡಣೆ ಕಾಣುವಂತೆ ಪಾರದರ್ಶಕ ಟೇಪ್ ಹಾಕುತ್ತೇವೆ. ಈ ಪಿನ್‌ಗಳನ್ನು ಮುಟ್ಟುವಾಗ ಕೈಗವಸು ಇರಲಿ. ತಂತಿ ನೇರ ಹೃದಯಕ್ಕೆ ಹೋಗುತ್ತದೆ. ನಿಮ್ಮ ಕೈಗೆ ಗೊತ್ತೂ ಆಗದಷ್ಟು ಸಣ್ಣ ಸೋರಿಕೆ ವಿದ್ಯುತ್ ಅಲ್ಲಿ ಹೃದಯದ ಲಯ ಕೆಡಿಸಲು ಸಾಕು.

ಜೋಡಣೆ ಸರಿ ಇದ್ದರೆ ತಂತಿಯ ತುದಿ ಜರುಗಿರಬಹುದು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ನೋಡಿ, ಕೆಲವೊಮ್ಮೆ ತುದಿ ಮತ್ತೆ ಗೋಡೆಗೆ ತಾಗುತ್ತದೆ. ಎರಡು ಪಿನ್‌ಗಳನ್ನು ಅದಲುಬದಲು ಮಾಡಿ ನೋಡುವುದೂ ಒಂದು ಹಳೆಯ ಉಪಾಯ, ಆಗಾಗ ಫಲಿಸುತ್ತದೆ. ತೊಡೆಸಂದಿನಿಂದ ಹಾಕಿದ ತಂತಿಯಾದರೆ ರೋಗಿ ಕಾಲು ಮಡಚಿದ್ದಾನೆಯೇ ಎಂದು ಕೇಳಿ. ನಮ್ಮ ಹಿರಿಯರು ಬೆಡ್‌ಪ್ಯಾನ್ ಒಲ್ಲೆನೆಂದು ಯಾರೂ ನೋಡದಾಗ ಎದ್ದು ಕುಕ್ಕರಗಾಲಿನಲ್ಲಿ ಕುಳಿತ ಉದಾಹರಣೆಗಳಿವೆ. ಬೈದು ಪ್ರಯೋಜನವಿಲ್ಲ, ಮೊದಲೇ ಮನೆಯವರಿಗೆ ತಿಳಿಸಿ ಹೇಳಬೇಕು. ಲೀಡ್‌ನ ಮೇಲೆ ಉದ್ದದ ಗುರುತುಗಳಿರುತ್ತವೆ. ಹಾಕಿದಾಗ ಚರ್ಮದ ಬಳಿ ಎಷ್ಟು ಸೆಂಟಿಮೀಟರ್ ಇತ್ತು ಎಂದು ಕೇಸ್‌ಶೀಟ್‌ನಲ್ಲಿ ಬರೆದಿದ್ದರೆ, ಈಗ ಜರುಗಿದೆಯೋ ಇಲ್ಲವೋ ಎಂಬುದು ಎಕ್ಸ್‌ರೇ ಬರುವ ಮೊದಲೇ ಗೊತ್ತಾಗುತ್ತದೆ.

ಇಷ್ಟೂ ಮಾಡಿದ ಮೇಲೆ ಮುತ್ಯಾನ ಹಾಸಿಗೆಗೆ ಮರಳುತ್ತೇನೆ. ಔಟ್‌ಪುಟ್ 4 ಮಿಲಿಆಂಪಿಯರ್ ಇದ್ದದ್ದನ್ನು ಗರಿಷ್ಠಕ್ಕೆ ಏರಿಸಿದೆವು. ಆಗ ಎರಡು ಸ್ಪೈಕ್‌ಗೆ ಒಂದು ಬಡಿತ ಬರತೊಡಗಿತು. ಜೋಡಣೆ ಬಿಗಿ ಇತ್ತು. ಚರ್ಮದ ಬಳಿಯ ಗುರುತು ಸಂಜೆ ಇದ್ದಲ್ಲೇ ಇತ್ತು. ಎಡಮಗ್ಗುಲಿಗೆ ಹೊರಳಿಸಿದರೂ ವ್ಯತ್ಯಾಸವಾಗಲಿಲ್ಲ. ತಂತಿ ತನ್ನ ಕೆಲಸ ಮಾಡುತ್ತಿದೆ, ಹೃದಯದ ಸ್ನಾಯುವೇ ಕೇಳುತ್ತಿಲ್ಲ ಎಂಬ ಅನುಮಾನ ಬರಬೇಕಾದ ಜಾಗ ಇದು. ಡ್ಯೂಟಿ ಡಾಕ್ಟರು ಇಸಿಜಿ ತೆಗೆಸಿದರು. ಬಂದ ಬಡಿತಗಳು ವಿಪರೀತ ಅಗಲವಾಗಿದ್ದವು, ಟಿ ಅಲೆ ಗುಡಾರದ ಹಾಗೆ ಮೊನಚಾಗಿ ಎದ್ದಿತ್ತು. ರಕ್ತ ತೆಗೆದು ಅಲ್ಲೇ ಬ್ಲಡ್ ಗ್ಯಾಸ್ ಯಂತ್ರಕ್ಕೆ ಹಾಕಿದರೆ ಪೊಟ್ಯಾಷಿಯಂ 7.4, ಜೀವಕ್ಕೇ ಅಪಾಯದ ಮಟ್ಟ. ಬೆಳಿಗ್ಗೆ ಬೇರೆ ಕಡೆ ಮಾಡಿಸಿದ್ದ ವರದಿಯಲ್ಲಿ 5.6 ಇತ್ತು, ನಾವು ಅದನ್ನೇ ನಂಬಿಕೊಂಡು ಕುಳಿತಿದ್ದೆವು. ಆ ತಪ್ಪು ನಮ್ಮದೇ.

ಹತ್ತು ಪ್ರತಿಶತ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿಲಿಲೀಟರ್ ನಿಧಾನವಾಗಿ ಹೋಯಿತು, ಇಸಿಜಿ ನೋಡಿ ಮತ್ತೊಂದು 10. ಎರಡನೆಯದು ಮುಗಿಯುವ ಹೊತ್ತಿಗೆ ಪ್ರತಿ ಸ್ಪೈಕ್‌ಗೂ ಬಡಿತ ಬಂತು, ಮುಂಗೈಯಲ್ಲಿ 70 ಸಿಕ್ಕಿತು. ಕ್ಯಾಲ್ಸಿಯಂ ಪೊಟ್ಯಾಷಿಯಂ ಅನ್ನು ಇಳಿಸುವುದಿಲ್ಲ, ಹೃದಯಕ್ಕೆ ಸ್ವಲ್ಪ ಹೊತ್ತು ಕಾವಲು ನಿಲ್ಲುತ್ತದೆ. ಆ ಬಿಡುವಿನಲ್ಲಿ ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಟ್ಟು, ಬೆಳಗಾಗುತ್ತಲೇ ಡಯಾಲಿಸಿಸ್‌ಗೆ ಕಳುಹಿಸಿದರು.

ಕಥೆ ಆಮೇಲೆ ಬಿಚ್ಚಿಕೊಂಡಿತು. ಮುತ್ಯಾಗೆ ರಕ್ತದೊತ್ತಡಕ್ಕೆ ಅಟೆನೊಲಾಲ್ ಮತ್ತು ಇನ್ನೊಂದು ಮಾತ್ರೆ ಇದ್ದವು, ಮೂತ್ರಪಿಂಡ ಮೊದಲೇ ಅರೆಬರೆ. ಬಿಸಿಲಿನಲ್ಲಿ ಎರಡು ದಿನ ವಾಂತಿಭೇದಿಯಾಗಿದೆ, ನೀರು ಹೊಟ್ಟೆಯಲ್ಲಿ ನಿಂತಿಲ್ಲ, ಮಾತ್ರೆ ಮಾತ್ರ ತಪ್ಪಿಲ್ಲ. ನೀರಿಲ್ಲದೆ ಮೂತ್ರಪಿಂಡ ಸೋತಿತು. ಅಟೆನೊಲಾಲ್ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕಾದದ್ದು, ಅದು ಒಳಗೇ ಉಳಿಯಿತು. ಪೊಟ್ಯಾಷಿಯಂ ಏರಿತು. ಎರಡೂ ಸೇರಿ ಬಡಿತವನ್ನು ಇಳಿಸಿದವು. ಬಡಿತ ಇಳಿದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಇನ್ನಷ್ಟು ಕಡಿಮೆಯಾಯಿತು. ಒಂದರ ಬಾಲ ಇನ್ನೊಂದು ಕಚ್ಚಿಕೊಂಡ ಈ ಸುತ್ತಿಗೆ ವೈದ್ಯರು ಬ್ರಾಶ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಜಿಲ್ಲೆಯ ಬೇಸಿಗೆಗೆ ಹೇಳಿ ಮಾಡಿಸಿದ ಕಾಯಿಲೆ. ಮರುದಿನ ಸಂಜೆಗೆ ಅವರ ಹೃದಯ ತಾನೇ ಬಡಿಯತೊಡಗಿತು. ಕಾಯಂ ಪೇಸ್‌ಮೇಕರ್‌ಗೆಂದು ಮನೆಯವರು ಹೊಂದಿಸಿಟ್ಟ ದುಡ್ಡು ಉಳಿಯಿತು.

ಪೊಟ್ಯಾಷಿಯಂ ಒಂದೇ ಅಲ್ಲ, ರಕ್ತದಲ್ಲಿ ಆಮ್ಲ ಹೆಚ್ಚಿದರೆ, ಆಮ್ಲಜನಕ ಇಳಿದರೆ, ತಂತಿ ತಾಗಿದ ಜಾಗದಲ್ಲೇ ಹೃದಯಾಘಾತವಾದರೆ, ಹೃದಯದ ಲಯಕ್ಕೆ ಕೊಡುವ ಫ್ಲೆಕನೈಡ್‌ನಂಥ ಔಷಧಿ ಇದ್ದರೆ ಥ್ರೆಶೋಲ್ಡ್, ಎಂದರೆ ಹೃದಯ ಓಗೊಡಲು ಬೇಕಾದ ಕನಿಷ್ಠ ಔಟ್‌ಪುಟ್, ಏರುತ್ತದೆ.

ಸ್ಪೈಕ್ ಕಾಣುತ್ತಲೇ ಇಲ್ಲ

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು: ಸ್ಪೈಕ್ ಬೇಕೇ? ಪೆಟ್ಟಿಗೆಯ ರೇಟ್ 60 ಇದ್ದು ರೋಗಿಯ ಸ್ವಂತ ಬಡಿತ 78 ಇದ್ದರೆ ಪೆಟ್ಟಿಗೆ ಸುಮ್ಮನಿರುವುದೇ ಸರಿ. ಇದಕ್ಕಾಗಿ ಮನೆಯಲ್ಲಿ ಮಲಗಿದ ಡಾಕ್ಟರನ್ನು ಎಬ್ಬಿಸಿದವರಿದ್ದಾರೆ, ನಾನೂ ಒಮ್ಮೆ ಎಬ್ಬಿಸಿದ್ದೇನೆ.

ಬಡಿತ ನಿಧಾನವಿದ್ದೂ ಸ್ಪೈಕ್ ಇಲ್ಲದಿದ್ದರೆ ಎರಡೇ ದಾರಿ. ಒಂದೋ ಪೆಟ್ಟಿಗೆ ಹೊಡೆಯುತ್ತಿಲ್ಲ, ಇಲ್ಲವೇ ಏನನ್ನೋ ಕೇಳಿಸಿಕೊಂಡು ಹೃದಯ ಬಡಿಯುತ್ತಿದೆ ಎಂದು ಮೋಸಹೋಗಿ ತಡೆದುಕೊಂಡಿದೆ. ಬೇರ್ಪಡಿಸುವುದು ಸುಲಭ. ಸೆನ್ಸಿಟಿವಿಟಿ ಗುಂಡಿಯನ್ನು ಅಸಿಂಕ್‌ಗೆ ತಿರುಗಿಸಿ, ಎಂದರೆ ಕಿವಿ ಪೂರ್ತಿ ಮುಚ್ಚಿ. ಸ್ಪೈಕ್ ಬಂದರೆ ದೋಷ ಕೇಳಿಸಿಕೊಳ್ಳುವುದರಲ್ಲಿದೆ. ಬಾರದಿದ್ದರೆ ಬ್ಯಾಟರಿ, ಕೇಬಲ್ ಅಥವಾ ಪೆಟ್ಟಿಗೆ. ಕೇಬಲ್ ಬದಲಿಸಿ, ಪೆಟ್ಟಿಗೆ ಬದಲಿಸಿ. ಯಾವುದು ಕೆಟ್ಟಿದೆ ಎಂದು ರೋಗಿಯ ಮೇಲೆ ಪರೀಕ್ಷೆ ಮಾಡುತ್ತ ಕೂರಬೇಡಿ.

ಪೆಟ್ಟಿಗೆ ಮೋಸಹೋಗಲು ಕಾರಣಗಳು ಹಲವು. ರೋಗಿ ಚಳಿಯಿಂದ ನಡುಗುತ್ತಿರಬಹುದು. ಶಸ್ತ್ರಕೋಣೆಯಲ್ಲಿ ವಿದ್ಯುತ್ತಿನಿಂದ ಕತ್ತರಿಸಿ ರಕ್ತ ನಿಲ್ಲಿಸುವ ಡಯಾಥರ್ಮಿ ಬಳಸುತ್ತಿರಬಹುದು. ದೊಡ್ಡ ಟಿ ಅಲೆಯನ್ನೇ ಇನ್ನೊಂದು ಬಡಿತವೆಂದು ಎಣಿಸುತ್ತಿರಬಹುದು. ತಂತಿಯೊಳಗೆ ಮುರಿತವಿದ್ದರೆ ಅದರ ಕರಕರ ಸದ್ದೂ ಪೆಟ್ಟಿಗೆಗೆ ಬಡಿತದಂತೆ ಕೇಳುತ್ತದೆ. ಮಿಲಿವೋಲ್ಟ್ ಅಂಕಿ ಏರಿಸಿ, ಎಂದರೆ ಪೈರು ಎತ್ತರವಾಗಲಿ.

ಬ್ಯಾಟರಿಯ ವಿಚಾರಕ್ಕೆ ಬಂದರೆ ನನಗೆ ಬಾಯಿ ಸುಮ್ಮನಿರುವುದಿಲ್ಲ. ಹೆಚ್ಚಿನ ಪೆಟ್ಟಿಗೆಗಳಿಗೆ ಬೇಕಾದದ್ದು 9 ವೋಲ್ಟ್‌ನ ಆಲ್ಕಲೈನ್ ಬ್ಯಾಟರಿ. ಆಟಿಕೆಗೆ ಹಾಕುವ ಅಗ್ಗದ್ದನ್ನು ತಂದು ತುರುಕಿದರೆ ಬೆಳಗಿನ ಜಾವಕ್ಕೆ ಉತ್ತರ ಕೊಡಬೇಕಾದವರು ನೀವು. ಹಾಕಿದ ದಿನಾಂಕವನ್ನು ಪೆಟ್ಟಿಗೆಯ ಬೆನ್ನಿಗೆ ಬರೆದು ಅಂಟಿಸಿ. ಬದಲಿಸುವಾಗ ಕೆಲವು ಪೆಟ್ಟಿಗೆಗಳು ಒಂದಷ್ಟು ಸೆಕೆಂಡು ತಾಳುತ್ತವೆ, ಎಲ್ಲವೂ ತಾಳುವುದಿಲ್ಲ. ಸ್ವಂತ ಬಡಿತವೇ ಇಲ್ಲದ ರೋಗಿಯಾದರೆ ಮೊದಲು ಎರಡನೆಯ ಪೆಟ್ಟಿಗೆಯನ್ನು ಸಿದ್ಧ ಮಾಡಿಕೊಳ್ಳಿ. ಹಾಗೆ ನೋಡಿದರೆ ಈ ಬ್ಯಾಟರಿ ಪೆಟ್ಟಿಗೆ ಹುಟ್ಟಿದ್ದೇ ಕರೆಂಟ್ ಹೋದದ್ದರಿಂದ. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ವಿದ್ಯುತ್ ಕಡಿತವಾಯಿತು. ಆಗಿನ ಪೇಸ್‌ಮೇಕರ್‌ಗಳು ಗೋಡೆಯ ಪ್ಲಗ್‌ಗೆ ಕಟ್ಟುಬಿದ್ದಿದ್ದವು. ಹೃದಯ ಶಸ್ತ್ರಚಿಕಿತ್ಸಕ ವಾಲ್ಟನ್ ಲಿಲ್ಲೆಹೈ ಕೇಳಿಕೊಂಡದ್ದರಿಂದ ಅರ್ಲ್ ಬಾಕೆನ್ ಎಂಬ ಎಂಜಿನಿಯರ್, ಸಂಗೀತದ ತಾಳಯಂತ್ರದ ಸರ್ಕ್ಯೂಟ್ ಒಂದನ್ನು ಮಾದರಿಯಾಗಿಟ್ಟುಕೊಂಡು ಕೆಲವೇ ವಾರಗಳಲ್ಲಿ ಕೈಯಲ್ಲಿ ಹಿಡಿಯುವಂಥ ಪೆಟ್ಟಿಗೆ ಕಟ್ಟಿಕೊಟ್ಟ.

ಸ್ಪೈಕ್ ಸಿಕ್ಕಸಿಕ್ಕಲ್ಲಿ ಬೀಳುತ್ತಿದೆ

ಹೃದಯ ತಾನೇ ಬಡಿಯುತ್ತಿದ್ದರೂ ಪೆಟ್ಟಿಗೆಗೆ ಕೇಳಿಸುತ್ತಿಲ್ಲ. ಪೈರು ಎತ್ತರವಾಗಿದೆ, ಅಥವಾ ತಂತಿ ಜರುಗಿ ದನಿ ಕ್ಷೀಣಿಸಿದೆ. ಅಪಾಯ ಏನೆಂದರೆ ಟಿ ಅಲೆಯ ನೆತ್ತಿಯ ಮೇಲೆ ಸ್ಪೈಕ್ ಬಿದ್ದರೆ ಹೃದಯ ಅದುರುವ ಲಯಕ್ಕೆ ಜಾರಬಹುದು, ಅದರಲ್ಲೂ ಹೃದಯಾಘಾತದ ಹಸಿ ಗಾಯವಿರುವವರಲ್ಲಿ. ಮಿಲಿವೋಲ್ಟ್ ಅಂಕಿ ಇಳಿಸಿ. ಸರಿಹೋಗದಿದ್ದರೆ, ರೋಗಿಯ ಸ್ವಂತ ಬಡಿತ ಮತ್ತು ರಕ್ತದೊತ್ತಡ ಚೆನ್ನಾಗಿದ್ದರೆ, ಡಾಕ್ಟರಿಗೆ ತಿಳಿಸಿ ಪೆಟ್ಟಿಗೆಯ ರೇಟ್ ತೀರ ಕಡಿಮೆ ಮಾಡಿ. ಒಂದು ಎಚ್ಚರಿಕೆ: ಸ್ವಂತ ಬಡಿತ ಶುರುವಾಗುವ ಕ್ಷಣದಲ್ಲೇ ಸ್ಪೈಕ್ ಬಿದ್ದರೆ ಎರಡೂ ಬೆರೆತ ವಿಚಿತ್ರ ಆಕಾರ ಕಾಣುತ್ತದೆ. ಅದು ದೋಷವಲ್ಲ.

ಬಿಕ್ಕಳಿಕೆ

"ಸಿಸ್ಟರ್, ಅಪ್ಪನಿಗೆ ಬಿಕ್ಕಳಿಕೆ ನಿಲ್ಲುತ್ತಿಲ್ಲ, ನೀರು ಕೊಡಲೇ?" ಎಂದು ಒಬ್ಬ ಮಗಳು ಕೇಳಿದ್ದಳು. ಬಿಕ್ಕಳಿಕೆ ನಿಮಿಷಕ್ಕೆ ಎಷ್ಟು ಎಂದು ಎಣಿಸಿದೆ. ಪೆಟ್ಟಿಗೆಯ ರೇಟ್‌ಗೆ ಸರಿಯಾಗಿ ಹೊಂದುತ್ತಿತ್ತು. ಔಟ್‌ಪುಟ್ ಹೆಚ್ಚಾಗಿ, ಹೃದಯದ ಕೆಳಗಿರುವ ಉಸಿರಾಟದ ಸ್ನಾಯುವಾದ ವಪೆಗೆ ತಟ್ಟುತ್ತಿರಬಹುದು, ಇಳಿಸಿದರೆ ನಿಲ್ಲುತ್ತದೆ. ಆದರೆ ಅಷ್ಟಕ್ಕೇ ಬಿಡಬೇಡಿ, ತಂತಿ ಹೃದಯದ ತೆಳು ಗೋಡೆಯನ್ನು ತೂರಿ ಹೊರಬಂದಿದ್ದರೂ ಹೀಗೇ ಆಗುತ್ತದೆ. ಹನ್ನೆರಡು ಲೀಡ್‌ನ ಇಸಿಜಿ ತೆಗೆಯಿರಿ. ಬಲ ಹೃತ್ಕುಕ್ಷಿಯಿಂದ ಹೊರಡುವ ಬಡಿತ ಎಡ ಬಂಡಲ್ ಬ್ಲಾಕ್‌ನ (ಎಡಬದಿಯ ವಿದ್ಯುತ್ ಹಾದಿ ಕಟ್ಟಿದಾಗ ಇಸಿಜಿಯಲ್ಲಿ ಕಾಣುವ) ಆಕಾರದಲ್ಲಿರಬೇಕು. ಅದು ಬಲ ಬಂಡಲ್ ಬ್ಲಾಕ್‌ನಂತೆ ಬದಲಾಗಿದ್ದರೆ ತುದಿ ಇರಬಾರದ ಕಡೆ ಇದೆ ಎಂದು ತಿಳಿಯಿರಿ. ರಕ್ತದೊತ್ತಡ ಇಳಿದು ಕುತ್ತಿಗೆಯ ನರ ಉಬ್ಬಿದ್ದರೆ ಹೃದಯದ ಚೀಲದಲ್ಲಿ ರಕ್ತ ತುಂಬುತ್ತಿದೆ. ಹೃದಯದ ಸ್ಕ್ಯಾನ್ ಮಾಡುವ ಎಕೋ ಯಂತ್ರ ತಕ್ಷಣ ಹಾಸಿಗೆಯ ಬಳಿಗೆ ಬರಬೇಕು, ರೋಗಿಯನ್ನು ಎಕೋ ಕೋಣೆಗೆ ಒಯ್ಯುವ ಮಾತು ಬೇಡ.

ಪ್ಯಾಡ್ ಮೇಲೆ ಪೇಸಿಂಗ್ ಮಾಡುವಾಗ

ಇಲ್ಲಿ ಬೇಕಾಗುವ ವಿದ್ಯುತ್ ಹತ್ತಾರು ಪಟ್ಟು ಹೆಚ್ಚು. ಸಾಮಾನ್ಯವಾಗಿ 40ರಿಂದ 80 ಮಿಲಿಆಂಪಿಯರ್, ಕೆಲವರಿಗೆ ಇನ್ನೂ ಮೇಲೆ. ಕ್ಯಾಪ್ಚರ್ ಆಗದಿದ್ದರೆ ಮೊದಲು ಎದೆಯ ಬೆವರು ಒರೆಸಿ, ಕೂದಲು ಕತ್ತರಿಸಿ. ಬ್ಲೇಡಿನಿಂದ ಬೋಳಿಸಿದರೆ ಗಾಯವಾಗಿ ಉರಿಯುತ್ತದೆ. ಒಂದು ಪ್ಯಾಡ್ ಎದೆಗೆ, ಇನ್ನೊಂದು ಬೆನ್ನಿಗೆ. ಕುತ್ತಿಗೆಯಲ್ಲಿ ನಾಡಿ ನೋಡಬೇಡಿ, ಅಲ್ಲಿ ಬೆರಳಿಗೆ ಸಿಗುವುದು ಸ್ನಾಯುವಿನ ಎಳೆತ, ತೊಡೆಸಂದಿನಲ್ಲಿ ನೋಡಿ. ಎಚ್ಚರವಿರುವ ರೋಗಿಗೆ ಇದು ಹಿಂಸೆ. ನೋವಿನ ಔಷಧಿ ಕೇಳಿ ಪಡೆಯಿರಿ, ರೋಗಿ ಸುಮ್ಮನಿದ್ದಾನೆಂದರೆ ನೋವಿಲ್ಲವೆಂದಲ್ಲ.

ಪ್ರತಿ ಪಾಳಿಯಲ್ಲಿ

ಥ್ರೆಶೋಲ್ಡ್ ಅಳೆದು ಬರೆಯಿರಿ. ರೇಟ್ ಅನ್ನು ರೋಗಿಯ ಸ್ವಂತ ಬಡಿತಕ್ಕಿಂತ ಹತ್ತು ಹೆಚ್ಚಿಟ್ಟು, ಬಡಿತ ತಪ್ಪುವವರೆಗೆ ಔಟ್‌ಪುಟ್ ನಿಧಾನವಾಗಿ ಇಳಿಸಿ, ಮತ್ತೆ ಏರಿಸಿ. ಎಲ್ಲಿ ಪ್ರತಿ ಸ್ಪೈಕ್‌ಗೂ ಬಡಿತ ಮರಳುತ್ತದೋ ಅದೇ ಥ್ರೆಶೋಲ್ಡ್. ಹೊಸದಾಗಿ ಹಾಕಿದ ತಂತಿಯಲ್ಲಿ 1 ಮಿಲಿಆಂಪಿಯರ್‌ಗಿಂತ ಕಡಿಮೆ ಸಿಕ್ಕರೆ ಸಮಾಧಾನ. ಔಟ್‌ಪುಟ್ ಅದರ ಎರಡು ಮೂರು ಪಟ್ಟು ಇಡಿ. ಸ್ವಂತ ಬಡಿತವೇ ಇಲ್ಲದವರಲ್ಲಿ ಇದನ್ನು ಡಾಕ್ಟರು ಪಕ್ಕದಲ್ಲಿಲ್ಲದೆ ಮಾಡಬಾರದು. ಬೆಳಿಗ್ಗೆ 0.8, ಸಂಜೆ 1.5, ರಾತ್ರಿ 3 ಎಂದು ಕಾಗದದ ಮೇಲೆ ಸಾಲಾಗಿ ಕಂಡರೆ ಕ್ಯಾಪ್ಚರ್ ತಪ್ಪುವುದನ್ನು ಗಂಟೆಗಳ ಮೊದಲೇ ಊಹಿಸಬಹುದು. ಮುತ್ಯಾನ ಹಾಳೆಯಲ್ಲಿ ಸಂಜೆಯ ಒಂದೇ ಅಂಕಿ ಇತ್ತು.

ತಂತಿ ತೆಗೆಯುವ ಮೊದಲು ಪೆಟ್ಟಿಗೆಯ ರೇಟ್ ಇಳಿಸಿ, ಸ್ವಂತ ಬಡಿತವೊಂದೇ ಒಂದು ದಿನ ನಿಭಾಯಿಸುತ್ತದೆಯೇ ಎಂದು ಕಾದು ನೋಡುತ್ತಾರೆ. ತೆಗೆಯುವಾಗ ಪೆಟ್ಟಿಗೆ ಆಫ್ ಇರಲಿ, ಮಾನಿಟರ್ ಓಡುತ್ತಿರಲಿ. ತೆಗೆದ ಮೇಲೂ ಕೆಲವು ಗಂಟೆ ರಕ್ತದೊತ್ತಡ ನೋಡುತ್ತಿರಿ, ಗೋಡೆಯಲ್ಲಿ ರಂಧ್ರವಿದ್ದರೆ ಅದು ಬಾಯಿ ಬಿಡುವುದು ಆಗಲೇ.